ಸಣ್ಣಮ್ಮನ ಹೆಸರಿನ ಚೀಟಿ

ಪಲ್ಲಾವರಂ
10 ಜೂನ್ 2024

ಡಾಕ್ಟರಿಗೆ ಜಲಜಾಳ ನಮಸ್ಕಾರ.

ನಿಮ್ಮ ಕ್ಲಿನಿಕ್ಕಿಗೂ ನಮ್ಮ ಮನೆಗೂ ನಡುವೆ ಇರುವುದು ಎರಡೇ ಬೀದಿ. ಅಷ್ಟು ಹತ್ತಿರ ಇದ್ದುಕೊಂಡು ಅಂಚೆಯಲ್ಲಿ ಕಾಗದ ಹಾಕುತ್ತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಹೋದ ವಾರ ಮೂರು ಸಲ ಬಂದು ಬೆಂಚಿನ ಮೇಲೆ ಕುಳಿತೆ. ಮೂರು ಸಲವೂ ನನ್ನ ಸರದಿ ಬರುವ ಮೊದಲೇ ಎದ್ದು ಹೋದೆ. ಫೋನು ಮಾಡೋಣವೆಂದರೆ ಮನೆಯಲ್ಲಿ ಇವರು ಇರುತ್ತಾರೆ, ಮಗಳು ಮಧುರಾ ಇರುತ್ತಾಳೆ. ಮೆಸೇಜು ಹಾಕೋಣವೆಂದರೆ ಮದುವೆ ಸೀರೆಯ ಫೋಟೋ ನೋಡಲು ನನ್ನ ಫೋನು ಸದಾ ಅವಳ ಕೈಯಲ್ಲೇ ಇರುತ್ತದೆ. ಈ ತಮಿಳುನಾಡಿನಲ್ಲೇ ಬೆಳೆದ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಲಿಲ್ಲವಲ್ಲ ಎಂದು ಇಷ್ಟು ವರ್ಷ ಕೊರಗುತ್ತಿದ್ದವಳಿಗೆ ಇವತ್ತು ಅದೇ ಅನುಕೂಲವಾಗಿದೆ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೋವಿನ ಮಾತ್ರೆ ಬಿಡಲು ನನ್ನಿಂದ ಆಗುತ್ತಿಲ್ಲ. ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದು ಭುಜದ ಮೂಳೆ ಮುರಿದಾಗ ಶುರುವಾದ ಆ ಟ್ರಮಡಾಲ್ ಮಾತ್ರೆಯೇ. ಭುಜ ಕೂಡಿಕೊಂಡು ಒಂದು ವರ್ಷವಾಯಿತು. ಮಾತ್ರೆ ಮಾತ್ರ ದಿನಕ್ಕೆ ಎರಡಿದ್ದದ್ದು ಈಗ ಹನ್ನೊಂದಾಗಿದೆ. ಬೆಳಿಗ್ಗೆ ತಗೊಳ್ಳದೆ ಹೋದರೆ ಮೂಗಿನಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ, ಕಾಲನ್ನು ಎಲ್ಲಿಟ್ಟರೂ ಸಮಾಧಾನವಿಲ್ಲ. ಮೇ ತಿಂಗಳಲ್ಲಿ ಮಧುರಾಳ ನಿಶ್ಚಿತಾರ್ಥದ ದಿನ ಮಾತ್ರೆ ಮುಗಿದುಹೋಗಿತ್ತು. ಮಗಳಿಗೆ ಆರತಿ ಎತ್ತುವ ಹೊತ್ತಿಗೆ ನಾನು ಛತ್ರದ ಬಚ್ಚಲಲ್ಲಿ ಗೋಡೆ ಹಿಡಿದು ಕುಳಿತಿದ್ದೆ. ಹೋಟೆಲ್ ಊಟ ಒಗ್ಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಅವಳು ಮರುದಿನ ನನಗೆ ಗಂಜಿ ಮಾಡಿಕೊಟ್ಟಳು.

ಪೇಪರಿನಲ್ಲಿ ಚಟ ಹಿಡಿದವರ ಸುದ್ದಿ ಬಂದಾಗ ಅದು ಬೇರೆ ಯಾರದೋ ಲೋಕ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ಈಗ ಐವತ್ತೇಳನೇ ವಯಸ್ಸಿನಲ್ಲಿ ನನ್ನನ್ನು ಯಾವ ಪುಟಕ್ಕೆ ಸೇರಿಸಲಿ ಎಂದು ತಿಳಿಯುವುದಿಲ್ಲ. ಚಟ ಬಿಡಿಸುವ ಕೇಂದ್ರಗಳ ಬೋರ್ಡಿನ ಕೆಳಗೆ ಹಾದುಹೋಗುವ ಧೈರ್ಯ ನನಗಿಲ್ಲ. ನನ್ನ ಪಾಲಿಗೆ ಡಾಕ್ಟರು ಎಂದರೆ ನೀವೇ. ಇವರಿಗೆ ಹೇಳಬೇಡಿ. ಉತ್ತರ ಬರೆಯುವುದಾದರೆ ಆಫೀಸಿನ ವಿಳಾಸಕ್ಕೆ ಹಾಕಿ.

ಜಲಜಾ ನಾಗರಾಜ


ಪಲ್ಲಾವರಂ
13 ಜೂನ್ 2024

ಜಲಜಾ ಅವರಿಗೆ,

ಅಂಚೆಗೆ ಕಾಯಲು ಮನಸ್ಸಾಗದೆ ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ಹಟಕ್ಕೆ ಬಿದ್ದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಹಾಗೆಯೇ ಒಂದು ಮಾತ್ರೆಯನ್ನೂ ಹೆಚ್ಚಿಸಬೇಡಿ, ಹನ್ನೊಂದು ಎಂದರೆ ಫಿಟ್ಸ್ ಬರುವಷ್ಟು. ಕಾಗದ ಕೈಸೇರಿದ ದಿನವೇ ಮಧ್ಯಾಹ್ನ ಎರಡಕ್ಕೆ ಬನ್ನಿ. ಆಗ ಕ್ಲಿನಿಕ್ ಮುಚ್ಚಿರುತ್ತದೆ, ಬೆಂಚಿನ ಮೇಲೆ ಯಾರೂ ಇರುವುದಿಲ್ಲ.

ನಿಮ್ಮ ಕಾಗದ ಓದಿದ ಮೇಲೆ ನಿಮ್ಮ ಫೈಲು ತೆಗೆದು ನೋಡಿದೆ. ಆಪರೇಷನ್ ಮಾಡಿದ ಆಸ್ಪತ್ರೆಯವರು ಹತ್ತು ದಿನಕ್ಕೆ ಮಾತ್ರ ಬರೆದಿದ್ದರು. ಮುಂದಿನದನ್ನೆಲ್ಲ ಬರೆದವನು ನಾನು. ಒಂಬತ್ತು ಸಲ ಬರೆದಿದ್ದೇನೆ. ಅದರಲ್ಲಿ ಆರು ಸಲ ನಿಮ್ಮ ಮುಖವನ್ನೂ ನೋಡಿಲ್ಲ. ನಾಗರಾಜರು ಬಂದು, ಅದೇ ಮಾತ್ರೆಯಂತೆ ಡಾಕ್ಟರೇ, ಎಂದರು, ನಾನು ಬರೆದುಕೊಟ್ಟೆ. ಕಳೆದ ಅಕ್ಟೋಬರಿನಲ್ಲಿ, ಇನ್ನು ಸಾಕು ಎಂದು ಒಂದೇ ಮಾತಿನಲ್ಲಿ ನಿಲ್ಲಿಸಿಬಿಟ್ಟೆ. ನಿಲ್ಲಿಸಿದ ಮೇಲೆ ನಿಮಗೆ ಏನಾಗುತ್ತಿದೆ ಎಂದು ವಿಚಾರಿಸಲಿಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು ಎನ್ನುವುದು ಕಾರಣವಾಗಬಹುದು, ಉತ್ತರವಾಗುವುದಿಲ್ಲ. ನಿಮ್ಮನ್ನು ಆ ಬಚ್ಚಲಿನಲ್ಲಿ ಕೂರಿಸಿದ್ದರಲ್ಲಿ ನನ್ನ ಕೈಯೂ ಇದೆ.

ಕೀಲ್ಪಾಕ್ ಮೆಡಿಕಲ್ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗಿರಿಧರ್ ಎಂಬ ಮನೋವೈದ್ಯರಿದ್ದಾರೆ. ನಿಮ್ಮ ಹೆಸರು ಹೇಳದೆ ಅವರನ್ನು ಕೇಳಿದೆ. ಸಂಕೋಚ ಬಿಟ್ಟು ನಿನ್ನ ಹತ್ತಿರ ಬಾಯಿ ಬಿಟ್ಟವರನ್ನು ಇನ್ನೊಂದು ಬಾಗಿಲಿಗೆ ಅಟ್ಟಬೇಡ, ನೀನೇ ನೋಡು, ಹೇಗೆ ಇಳಿಸಬೇಕೆಂದು ನಾನು ಹೇಳಿಕೊಡುತ್ತೇನೆ ಎಂದರು. ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುತ್ತೇವೆ. ಮಾತ್ರೆ ನನ್ನ ಬಳಿಯೇ ಇರುತ್ತದೆ, ಎರಡು ದಿನಕ್ಕೆ ಬೇಕಾದಷ್ಟನ್ನು ನಾನೇ ಕೊಡುತ್ತೇನೆ. ನಾಲ್ಕೈದು ತಿಂಗಳು ಹಿಡಿಯಬಹುದು. ಇದು ಕಾಯಿಲೆ, ಬಿ.ಪಿ.ಯ ಹಾಗೆ ಇದನ್ನೂ ನೋಡಿಕೊಳ್ಳಬಹುದು.

ಒಂದು ಪ್ರಶ್ನೆ ಉಳಿಯಿತು. ನಾನು ನಿಲ್ಲಿಸಿ ಎಂಟು ತಿಂಗಳಾಯಿತು. ಅಲ್ಲಿಂದೀಚೆಗೆ ನಿಮಗೆ ಮಾತ್ರೆ ಸಿಕ್ಕಿದ್ದು ಎಲ್ಲಿಂದ? ಬಂದಾಗ ಹೇಳಿ.

ಕೃಷ್ಣಪ್ರಸಾದ


ಪಲ್ಲಾವರಂ
2 ಜುಲೈ 2024

ಡಾಕ್ಟರೇ,

ಎರಡು ವಾರದಿಂದ ನಿಮ್ಮೆದುರು ಕುಳಿತು ಎದ್ದು ಬರುತ್ತಿದ್ದೇನೆ. ಹನ್ನೊಂದು ಈಗ ಒಂಬತ್ತಾಗಿದೆ. ನೀವು ಪ್ರತಿ ಸಲ ನಾಡಿ ಹಿಡಿದು, ನಿದ್ದೆ ಹೇಗಿದೆ, ಭುಜ ಹೇಗಿದೆ ಎಂದು ಕೇಳುತ್ತೀರಿ. ಆದರೆ ಮೊದಲ ದಿನ ನಿಮಗೆ ಸುಳ್ಳು ಹೇಳಿದೆ. ಚೀಟಿ ಇಲ್ಲದೆಯೇ ಒಂದು ಅಂಗಡಿಯಲ್ಲಿ ಕೊಡುತ್ತಾರೆ ಎಂದೆ. ನೀವು ನಂಬಿ ತಲೆಯಾಡಿಸಿದಿರಿ. ಅದನ್ನು ನೋಡಿದ ಮೇಲೆ ನನಗೆ ಊಟ ಇಳಿಯುತ್ತಿಲ್ಲ.

ನಿಮ್ಮ ಚೀಟಿಗಳನ್ನು ಕದ್ದವಳು ನಾನು.

ಕಳೆದ ನವೆಂಬರಿನಲ್ಲಿ ಬಿ.ಪಿ. ತೋರಿಸಲು ಬಂದಿದ್ದೆ. ಹೊರಗೆ ಯಾರೋ ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಬಂದರು. ನೀವೂ ಓಡಿದಿರಿ, ಕೌಂಟರಿನಲ್ಲಿದ್ದ ವಾಸಂತಿಯೂ ಓಡಿದಳು. ಮೇಜಿನ ಡ್ರಾಯರು ತೆರೆದೇ ಇತ್ತು. ನಿಮ್ಮ ಹೆಸರು, ನಂಬರು ಅಚ್ಚಾಗಿದ್ದ ಹಾಳೆಗಳ ಒಂದು ಕಟ್ಟು ತೆಗೆದು ಕೈಚೀಲಕ್ಕೆ ತುರುಕಿಕೊಂಡೆ. ಮಗು ಸಾಯುತ್ತದೋ ಬದುಕುತ್ತದೋ ಎಂದು ಎಲ್ಲರೂ ಒದ್ದಾಡುತ್ತಿದ್ದಾಗ ನಾನು ಮಾಡುತ್ತಿದ್ದ ಕೆಲಸ ಅದು. ವಾಸಂತಿ ಒಳಗೆ ಬಂದವಳು, ಮುಖವೆಲ್ಲ ಬೆವತಿದೆಯಲ್ಲ ಮೇಡಂ, ಎಂದು ನೀರು ತಂದುಕೊಟ್ಟಳು. ಕುಡಿದೆ.

ಇಪ್ಪತ್ತೆಂಟು ವರ್ಷದಿಂದ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ನನ್ನ ಕೆಲಸವೇ ಸಹಿ ಅಸಲಿಯೋ ನಕಲಿಯೋ ಎಂದು ನೋಡುವುದು. ನಿಮ್ಮ ಸಹಿ ಕಲಿಯಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ರೋಗಿಯ ಹೆಸರು ಬರೆಯುವ ಜಾಗದಲ್ಲಿ ಏನೂ ತೋಚದೆ ಸಣ್ಣಮ್ಮ, ವಯಸ್ಸು ಅರವತ್ತು, ಎಂದು ಬರೆದೆ. ಅದು ನಮ್ಮ ಅಮ್ಮನ ಹೆಸರು. ಚನ್ನರಾಯಪಟ್ಟಣದಲ್ಲಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಬದುಕಿದ್ದಾಗ ತಲೆನೋವಿಗೂ ಮಾತ್ರೆ ನುಂಗಿದವಳಲ್ಲ.

ಉಳಿದದ್ದು ನಿಮಗೇ ಗೊತ್ತು. ಮಾರ್ಚಿನಲ್ಲಿ ಔಷಧಿ ಅಂಗಡಿಯವರೊಬ್ಬರು ಅನುಮಾನ ಬಂದು ನಿಮಗೆ ಫೋನು ಮಾಡಿದರು. ಡ್ರಾಯರಿನ ಬೀಗದ ಕೈ ವಾಸಂತಿಯ ಹತ್ತಿರ ಇತ್ತೆಂದು ನೀವು ಅವಳನ್ನು ಕೆಲಸದಿಂದ ತೆಗೆದಿರಿ. ಅದಾಗಿ ನಾಲ್ಕು ದಿನಕ್ಕೆ ನಾನು ಬಂದಾಗ ಬೆಂಚಿನಲ್ಲಿ ಅದೇ ಮಾತು ನಡೆದಿತ್ತು. ಅವಳು ಚೀಟಿ ಬರೆದು ಮಾರುತ್ತಿದ್ದಳಂತೆ ಎಂದು ಪಕ್ಕದ ಹೆಂಗಸು ನನ್ನ ಕಡೆ ತಿರುಗಿದಳು. ಸುಮ್ಮನಿದ್ದಿದ್ದರೆ ಸಾಕಿತ್ತು. ಯಾರನ್ನು ನಂಬುವುದೋ ಏನೋ, ಎಂದೆ.

ಇನ್ನು ನೀವು ಬರಬೇಡ ಎಂದರೆ ಬರುವುದಿಲ್ಲ.

ಜಲಜಾ


ಪಲ್ಲಾವರಂ
27 ಜುಲೈ 2024

ಜಲಜಾ ಅವರಿಗೆ,

ನಿಮ್ಮ ಕಾಗದ ಬಂದ ಮೇಲೂ ನಿಮಗೆ ಮಾತ್ರೆ ಕೊಡುವುದನ್ನು ನಿಲ್ಲಿಸಲಿಲ್ಲ, ಮಾತಾಡುವುದನ್ನು ನಿಲ್ಲಿಸಿದೆ. ನೀವು ಕೈ ಚಾಚಿದಿರಿ, ನಾಡಿ ನೋಡಿದೆ, ಪೊಟ್ಟಣ ಕೊಟ್ಟೆ. ಮೂರು ವಾರ ನೀವೂ ತಲೆ ಎತ್ತಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ ಎಂದು ನೀವು ತಿಳಿದಿರಬೇಕು. ಸಿಟ್ಟಿದ್ದದ್ದು ಮೊದಲ ವಾರ ಮಾತ್ರ.

ವಾಸಂತಿ ನನ್ನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಸೂಜಿ ಕಂಡು ಅಳುವ ಮಕ್ಕಳು ಅವಳ ಸೊಂಟದ ಮೇಲೆ ಕುಳಿತರೆ ಸುಮ್ಮನಾಗುತ್ತಿದ್ದವು. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ, ಬೆಂಚು ತುಂಬಿದ್ದಾಗ, ಅವಳನ್ನು ಕರೆದು ನಿಲ್ಲಿಸಿದೆ. ಎಷ್ಟು ದಿನದಿಂದ ಈ ವ್ಯಾಪಾರ ಎಂದು ಕೇಳಿದೆ. ಅವಳಿಗೆ ಏನು ಎತ್ತ ಎಂದೇ ಅರ್ಥವಾಗಲಿಲ್ಲ. ಅವಳ ಕೈಚೀಲವನ್ನು ಕಸಿದು ಕೌಂಟರಿನ ಮೇಲೆ ಸುರಿದೆ. ಟಿಫಿನ್ ಡಬ್ಬಿ, ಬಾಚಣಿಗೆ, ಪಿನ್ನುಗಳು, ಬಸ್ಸಿನ ಪಾಸು. ಹಾಳೆ ಒಂದೂ ಇರಲಿಲ್ಲ. ಇಲ್ಲದ್ದನ್ನು ಕಂಡ ಮೇಲಾದರೂ ನಿಲ್ಲಿಸಬೇಕಿತ್ತು. ಪೊಲೀಸರಿಗೆ ಕೊಡುವುದಿಲ್ಲ, ಅದೇ ನಿನಗೆ ಮಾಡುವ ಉಪಕಾರ, ಎಂದೆ. ಅವಳು ಒಂದೊಂದೇ ಸಾಮಾನು ಆರಿಸಿ ಚೀಲಕ್ಕೆ ತುಂಬಿಕೊಂಡು ಹೋದಳು. ಒಬ್ಬ ರೋಗಿಯೂ ಕದಲಲಿಲ್ಲ.

ಇದನ್ನು ಯಾಕೆ ಮಾಡಿದೆ ಎಂದು ಈ ಮೂರು ವಾರ ಯೋಚಿಸಿದ್ದೇನೆ. ಈ ಮಾತ್ರೆ ಯಾರಿಗೆ ಬೇಕಾಗಿದೆ ಎಂದು ಅವತ್ತು ಒಂದು ನಿಮಿಷ ಯೋಚಿಸಿದ್ದರೆ ನಾನೇ ಬರೆದುಕೊಟ್ಟವರ ಪಟ್ಟಿ ತೆಗೆದು ನೋಡಬೇಕಾಗುತ್ತಿತ್ತು. ಅದರಲ್ಲಿ ನಿಮ್ಮ ಹೆಸರು ಮೊದಲೇ ಸಿಗುತ್ತಿತ್ತು. ಅದಕ್ಕಿಂತ ವಾಸಂತಿಯ ಚೀಲ ಸುರಿಯುವುದು ನನಗೆ ಸುಲಭವಾಯಿತು.

ಅವಳ ಮನೆ ಇರುವ ಬೀದಿಯ ತನಕ ಎರಡು ಸಲ ಹೋಗಿ ವಾಪಸ್ಸು ಬಂದಿದ್ದೇನೆ. ಅರವತ್ತಮೂರು ವರ್ಷದ ಗಂಡಸು, ಬೀದಿಯಲ್ಲಿ ಸಿಕ್ಕವರೆಲ್ಲ ಡಾಕ್ಟರೇ ಎಂದು ಕೈಮುಗಿಯುತ್ತಾರೆ, ಅವಳ ಬಾಗಿಲು ತಟ್ಟುವ ಧೈರ್ಯ ಮಾತ್ರ ಬರಲಿಲ್ಲ.

ನೀವು ಬರಬೇಕು. ಬಿಡಬೇಡಿ. ಏಳಕ್ಕೆ ಇಳಿದಿದ್ದೀರಿ.

ಕೃಷ್ಣಪ್ರಸಾದ


ಪಲ್ಲಾವರಂ
11 ಆಗಸ್ಟ್ 2024

ಡಾಕ್ಟರೇ,

ಶುಕ್ರವಾರ ನೀವು ಕೇಳಿದ್ದಕ್ಕೆ, ಆರೇ ತಗೊಂಡೆ, ಎಂದೆ. ಅಲ್ಲ. ಬುಧವಾರ ಮೈಯೆಲ್ಲ ಹಿಂಡಿದಂತಾಗಿ, ಉಳಿಸಿಕೊಂಡಿದ್ದ ಒಂದು ಹಾಳೆಯಲ್ಲಿ ಮತ್ತೆ ಅಮ್ಮನ ಹೆಸರು ಬರೆದು ತಾಂಬರಂನ ಅಂಗಡಿಗೆ ಹೋಗಿ ಮಾತ್ರೆ ತಂದೆ. ಎರಡು ದಿನ ಹತ್ತು ಹತ್ತು ತಗೊಂಡೆ. ಉಳಿದ ಮೂರು ಹಾಳೆ ಈ ಕಾಗದದ ಜೊತೆ ಇವೆ, ತಗೊಳ್ಳಿ. ನನ್ನ ಹತ್ತಿರ ಬೇರೆ ಇಲ್ಲ. ನಂಬಿ ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಇಲ್ಲ.

ಮೂರನೆಯ ದಿನ ಇವರಿಗೆ ಹೇಳಿದೆ. ಎಲ್ಲ ಹೇಳಿದೆ, ವಾಸಂತಿಯದನ್ನೂ. ಇವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ತರಕಾರಿ ಹೆಚ್ಚುವುದು ಇವರ ಕೆಲಸ. ಕೈಯಲ್ಲಿದ್ದ ಬೀನ್ಸ್ ಮುಗಿಯುವ ತನಕ ಹೆಚ್ಚಿದರು. ಆಮೇಲೆ, "ನಾನೇ ಹೋಗಿ ತರ್ತಿದ್ದೆನಲ್ಲೇ," ಎಂದರು. ನಿಮ್ಮ ಹತ್ತಿರ ಬಂದು ಅದೇ ಮಾತ್ರೆ ಎಂದು ಹೇಳುತ್ತಿದ್ದದ್ದನ್ನು ನೆನೆಸಿಕೊಂಡು ಹಾಗೆ ಹೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ಇನ್ನೊಂದು ಮಾತು ಹೇಳಿದರು. ನವೆಂಬರಿನಲ್ಲಿ ಮದುವೆ. ಗಂಡಿನ ಮನೆಯವರು ಇರುವುದು ಪಕ್ಕದ ಕ್ರೋಮ್‌ಪೇಟೆಯಲ್ಲಿ, ಅವರಲ್ಲೂ ಕೆಲವರು ನಿಮ್ಮ ಕ್ಲಿನಿಕ್ಕಿಗೇ ಬರುತ್ತಾರೆ. ವಾಸಂತಿಗೆ ಹೇಳುವುದನ್ನು ಮದುವೆ ಮುಗಿಯುವ ತನಕ ತಡೆದುಕೋ, ಮೂರು ತಿಂಗಳ ಮಾತು, ಎಂದರು. ನಾನು ಆಯಿತು ಎಂದೆ. ಎಂದ ತಕ್ಷಣ ಮನಸ್ಸು ಹಗುರಾಯಿತು. ಅದನ್ನೂ ನಿಮಗೆ ಹೇಳಬೇಕು ಅನ್ನಿಸಿತು.

ಜಲಜಾ


ಪಲ್ಲಾವರಂ
9 ಸೆಪ್ಟೆಂಬರ್ 2024

ಡಾಕ್ಟರೇ,

ನಿನ್ನೆ ವಾಸಂತಿಯನ್ನು ನೋಡಿಬಂದೆ. ಇವರಿಗೆ ಹೇಳಿಯೇ ಹೋದೆ. ಬೇಡ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಗೌರಿ ಹಬ್ಬದ ದಿನ ಮಧುರಾಳಿಗೆ ಬಾಗಿನ ಕೊಡುವಾಗ ಅವಳು ಕಾಲಿಗೆ ಬಿದ್ದು, ನಿನ್ನ ಥರ ಇರಬೇಕಮ್ಮಾ ನಾನೂ, ಎಂದು ತಮಿಳಿನಲ್ಲಿ ಹೇಳಿದಳು. ಮದುವೆಯ ತನಕ ಕಾಯಲು ಅಲ್ಲಿಗೇ ಆಗದೆ ಹೋಯಿತು.

ವಾಸಂತಿ ಈಗ ಚರ್ಮದ ಕೈಚೀಲ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸದಲ್ಲಿದ್ದಾಳೆ. ಎರಡು ಕ್ಲಿನಿಕ್ಕುಗಳಲ್ಲಿ ಕೆಲಸ ಕೇಳಿದಳಂತೆ. ಎರಡೂ ಕಡೆ ನಿಮ್ಮ ಹತ್ತಿರದ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿ ವಾಪಸ್ಸು ಕಳಿಸಿದರಂತೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ನನ್ನನ್ನು ಒಳಗೆ ಕೂರಿಸಿ ಫ್ಯಾನು ನನ್ನ ಕಡೆ ತಿರುಗಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ಬಿಟ್ಟುಹೋಗಿ, ಆ ಹಾಳೆ ತಗೊಂಡವಳು ನಾನು, ಎಂದು ಮಾತ್ರ ಹೇಳಿದೆ.

"ತೆರಿಯುಂ ಮೇಡಂ," ಎಂದಳು. ಗೊತ್ತು ಎಂದಳು, ಡಾಕ್ಟರೇ.

ಅವತ್ತು ನೀರು ಕೊಟ್ಟಾಗ ನನ್ನ ಕೈಚೀಲದ ಜಿಪ್ಪಿಗೆ ಹಾಳೆಯ ಅಂಚು ಸಿಕ್ಕಿಕೊಂಡಿದ್ದನ್ನು ಅವಳು ಕಂಡಿದ್ದಳು. ಆಗ ಏನೂ ಅನ್ನಿಸಿರಲಿಲ್ಲ, ಡಾಕ್ಟರು ಏನೋ ಬರೆದುಕೊಟ್ಟಿರಬೇಕು ಎಂದುಕೊಂಡಿದ್ದಳು. ಮಾರ್ಚಿನಲ್ಲಿ ಮನೆಗೆ ಹೋಗಿ ಕುಳಿತ ಮೇಲೆ ಎಲ್ಲ ಹೊಳೆಯಿತಂತೆ. ಹಾಗಾದರೆ ಯಾಕೆ ಬಂದು ಹೇಳಲಿಲ್ಲ ಎಂದು ಕೇಳಿದೆ. ಅವಳು ತಮಿಳಿನಲ್ಲಿ ಹೇಳಿದ್ದು ಇಷ್ಟು:

"ಡಾಕ್ಟರ್ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಹದಿನಾಲ್ಕು ವರ್ಷ ಆದಮೇಲೆ ಚೀಲ ಸುರಿದು ನೋಡಿದವರಿಗೆ ನಾನಾಗಿ ಹೋಗಿ ಏನು ಹೇಳಲಿ? ಹೇಳಿದ್ದರೆ ನನ್ನ ತಪ್ಪು ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ ಅನ್ನುತ್ತಿದ್ದರು."

ಮತ್ತೆ ಕೆಲಸಕ್ಕೆ ಬರುತ್ತೀಯಾ, ನಾನು ಡಾಕ್ಟರ ಹತ್ತಿರ ಮಾತಾಡುತ್ತೇನೆ, ಎಂದೆ. ಬೇಡ ಎಂದಳು. ಅವಳಿಗೆ ಬೇಕಾಗಿರುವುದು ಒಂದೇ. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಕಳ್ಳಿ ಎನ್ನಿಸಿಕೊಂಡಳೋ ಅಲ್ಲೇ ನೀವು ಅಲ್ಲ ಎಂದು ಹೇಳಬೇಕು, ಬೆಂಚು ತುಂಬಿರಬೇಕು. ನನ್ನ ಹೆಸರು ಎತ್ತುವುದು ಬೇಡ ಎಂದಳು. ಮನೆಯಲ್ಲಿ ಕಲ್ಯಾಣ ಇದೆಯಲ್ಲ ಮೇಡಂ, ಎಂದಳು.

ಬರುವ ಸೋಮವಾರ ಅರ್ಧ ದಿನ ರಜೆ ಕೇಳಿ ಒಂಬತ್ತೂವರೆಗೆ ಬರುತ್ತಾಳೆ. ನಾನು ಇರುತ್ತೇನೆ. ನೀವು?

ಜಲಜಾ


ಪಲ್ಲಾವರಂ
5 ಅಕ್ಟೋಬರ್ 2024

ಜಲಜಾ ಅವರಿಗೆ,

ವಾರಕ್ಕೆ ಮೂರು ಸಲ ನಿಮ್ಮನ್ನು ನೋಡುತ್ತೇನೆ. ಆದರೂ ಆ ಸೋಮವಾರದ ಬಗ್ಗೆ ಇಬ್ಬರೂ ಮಾತಾಡಿಲ್ಲ. ಕಾಗದದಲ್ಲಿ ಶುರುವಾದದ್ದನ್ನು ಕಾಗದದಲ್ಲೇ ಹೇಳಿಬಿಡುತ್ತೇನೆ.

ಹೇಳಬೇಕಾದ್ದನ್ನು ತಮಿಳಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ತೆಗೆಯಲಿಲ್ಲ. ಮಾರ್ಚಿನಲ್ಲಿ ಈ ಜಾಗದಲ್ಲಿ ನಿಂತು ವಾಸಂತಿಯನ್ನು ಕಳ್ಳಿ ಎಂದೆ, ಅದು ಸುಳ್ಳು, ಕೇಳದೆ ವಿಚಾರಿಸದೆ ಹೇಳಿದ ಸುಳ್ಳು, ಎಂದೆ. ಆ ಮಾತ್ರೆಯನ್ನು ಒಬ್ಬ ರೋಗಿಗೆ ತಿಂಗಳುಗಟ್ಟಲೆ ಕಣ್ಣು ಮುಚ್ಚಿ ಬರೆದು ಚಟ ಹಿಡಿಸಿದವನು ನಾನು, ಹಾಳೆ ಕಾಣೆಯಾಗಿದ್ದು ಆ ಅವಸ್ಥೆಯಿಂದ, ಎಂದೆ. ವಾಸಂತಿ ಬಾಗಿಲ ಹತ್ತಿರ ಚಪ್ಪಲಿ ಬಿಡದೆ ನಿಂತಿದ್ದಳು. ಇಷ್ಟು ಹೇಳಿ ಮುಗಿಯಿತು ಎಂದುಕೊಂಡೆ.

ಆಗ ನೀವು ಎದ್ದು ನಿಂತಿರಿ.

ನೀವು ಏಳಬೇಕಿರಲಿಲ್ಲ. ವಾಸಂತಿಯೂ ಕೇಳಿರಲಿಲ್ಲ. "ಆ ರೋಗಿ ನಾನೇ," ಎಂದಿರಿ. ನಿಮ್ಮ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸ್ವಲ್ಪ ಸರಿದು ಕುಳಿತದ್ದನ್ನು ನೀವು ನೋಡಿದಿರೋ ಇಲ್ಲವೋ, ನಾನು ನೋಡಿದೆ. ವಾಸಂತಿ ನಿಮ್ಮನ್ನೇ ನೋಡುತ್ತಿದ್ದಳು. ನಿಮ್ಮ ಕಾಲು ನಡುಗುತ್ತಿತ್ತು. ಮಾತ್ರೆ ಕಡಿಮೆ ಮಾಡಿದ್ದಕ್ಕೋ, ಇದಕ್ಕೋ, ನನಗೂ ಹೇಳಲು ಬರಲಿಲ್ಲ. ಆಕೆ "ಉಟ್ಕಾರುಂಗ ಮೇಡಂ," ಎಂದಳು. ಕೂತ್ಕೊಳ್ಳಿ ಎಂದು ಅಷ್ಟೇ ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ ಹೋದಳು.

ಮರುದಿನ ಮಧುರಾ ಬಂದಿದ್ದಳು. ಇದನ್ನು ಅವಳು ನಿಮಗೆ ಹೇಳಿರಲಿಕ್ಕಿಲ್ಲ. ಇಡೀ ಬೀದಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಗಬೇಕಿತ್ತೇ ಎಂದು ನನ್ನ ಮೇಲೆ ಕೂಗಾಡಿದಳು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅಮ್ಮನಿಗೆ ಮೈ ಹಿಂಡುವ ದಿನ ಏನು ಮಾಡಬೇಕು, ಯಾವುದು ಕಂಡರೆ ಕ್ಲಿನಿಕ್ಕಿಗೆ ಫೋನು ಮಾಡಬೇಕು, ಎಂದು ಕೇಳಿ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಗಂಡಿನ ಮನೆಯಿಂದ ಇನ್ನೂ ಮಾತು ಬಂದಿಲ್ಲವೆಂದು ನಾಗರಾಜರು ಹೇಳಿದರು. ಅದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ.

ನೀವು ಈಗ ಮೂರಕ್ಕೆ ಬಂದಿದ್ದೀರಿ. ಕೊನೆಯ ಮೂರು ಎಲ್ಲಕ್ಕಿಂತ ಕಷ್ಟ ಎಂದು ಗಿರಿಧರ್ ಹೇಳುತ್ತಾರೆ. ನಡುವೆ ಜಾರಿದರೆ ಬಂದು ಹೇಳಿ, ಆಗಸ್ಟಿನಲ್ಲಿ ಹೇಳಿದ ಹಾಗೆ.

ಈ ಬುಧವಾರ ವಾಸಂತಿಯ ಅತ್ತೆ ಬಂದಿದ್ದರು. ಎಪ್ಪತ್ತು ದಾಟಿದ ಮುದುಕಿ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಯಾರು ಕಳಿಸಿದರು ಎಂದು ನಾನು ಕೇಳಲಿಲ್ಲ. ಅವರೇ, "ಸೊಸೆ ಇಲ್ಲಿಗೇ ಹೋಗು ಅಂದಳು," ಎಂದರು. ಅಭ್ಯಾಸದ ಮೇಲೆ ಪೆನ್ನು ಕೈಗೆ ಬಂದಿತ್ತು. ಕೆಳಗಿಟ್ಟೆ. ಮೊಣಕಾಲಿಗೆ ಈಗ ಏನು ತಗೊಳ್ಳುತ್ತೀರಿ, ಯಾರು ಕೊಟ್ಟದ್ದು, ಎಷ್ಟು ದಿನವಾಯಿತು, ಬಿಟ್ಟರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಹೊರಗಿನವರು ಗೊಣಗುತ್ತಿದ್ದರು. ನಾವಿಬ್ಬರೂ ಒಂದೊಂದನ್ನೇ ಎತ್ತಿ ನೋಡಿದೆವು. ಅರ್ಧ ಗಂಟೆ ಹಿಡಿಯಿತು.

ಕೃಷ್ಣಪ್ರಸಾದ